ಎಲ್ಲರಿಗೂ ಒಂದೇ ಅಳತೆಯ ಕಿತ್ತಳೆ ಜಾಕೆಟ್

ಬೋಟಿಂಗ್ ತಾಣಗಳ ಬಗ್ಗೆ ಬರುವ ಪ್ರವಾಸ ಬರಹಗಳಲ್ಲಿ ‘ಎಲ್ಲರಿಗೂ ಲೈಫ್ ಜಾಕೆಟ್ ಕೊಡುತ್ತಾರೆ, ಹೆದರಬೇಕಿಲ್ಲ’ ಎಂಬ ಅರ್ಥದ ಸಾಲು ಇಲ್ಲದಿರುವುದು ಅಪರೂಪ. ಆ ಸಾಲು ಬಂತೆಂದರೆ ಸುರಕ್ಷತೆಯ ಮಾತು ಮುಗಿಯಿತು. ಮುಂದೆ ಮೀನಿನ ಊಟ, ಸೂರ್ಯಾಸ್ತ, ದಾರಿಯ ವಿವರ. ಕಿತ್ತಳೆ ಬಣ್ಣದ ಆ ಜಾಕೆಟ್ಟಿಗೆ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಐದು ವರ್ಷದ ಮಗುವಿಗೂ ಐವತ್ತು ವರ್ಷದ ತಾತನಿಗೂ ಒಂದೇ ರಾಶಿಯಿಂದ ಎತ್ತಿಕೊಡುವ ‘ಫ್ರೀ ಸೈಜ್’ ಜಾಕೆಟ್ಟನ್ನು ಮಕ್ಕಳ ಮಟ್ಟಿಗಂತೂ ಜೀವರಕ್ಷಕವೆಂದು ಒಪ್ಪಲಾಗದು.

ಈ ಮಾತು ಬಿಡದಿಯ ಓದುಗರಿಗೆ ಬೇಗ ಅರ್ಥವಾಗಬೇಕು. ಟೊಯೊಟಾ, ಬಾಷ್ ಮೊದಲಾದ ಕಾರ್ಖಾನೆಗಳಿರುವ ಈ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿಗೆ ಸುರಕ್ಷತಾ ಸಾಮಗ್ರಿ ಹೊಸದಲ್ಲ. ಹೆಲ್ಮೆಟ್ಟಿಗೆ ಐಎಸ್ 2925, ಎತ್ತರದಲ್ಲಿ ಕೆಲಸ ಮಾಡುವವರ ಹಾರ್ನೆಸ್ಸಿಗೆ ಐಎಸ್ 3521 ಎಂಬ ಮಾನಕಗಳಿವೆ. ಹಾರ್ನೆಸ್ಸಿನ ಎದೆಪಟ್ಟಿ ಬಿಗಿದು ತೊಡೆಪಟ್ಟಿ ಬಿಟ್ಟವನನ್ನು ಯಾವ ಸೇಫ್ಟಿ ಆಫೀಸರೂ ಏಣಿ ಹತ್ತಲು ಬಿಡುವುದಿಲ್ಲ: ಬಿದ್ದಾಗ ದೇಹ ಕೆಳಗೆ ಜಾರಿ ಹಾರ್ನೆಸ್ ಮಾತ್ರ ಮೇಲೆ ಉಳಿದೀತು. ಅದೇ ನೌಕರ ಭಾನುವಾರ ಹೆಂಡತಿ ಮಕ್ಕಳೊಂದಿಗೆ ಮಂಚನಬೆಲೆಯ ಕಡೆಗೋ ಚನ್ನಪಟ್ಟಣದ ಕಣ್ವ ಜಲಾಶಯಕ್ಕೋ ಕನಕಪುರ ದಾಟಿ ಸಂಗಮಕ್ಕೋ ಹೋದಾಗ, ವಾರವಿಡೀ ಪಾಲಿಸಿದ ಈ ನಿಯಮ ಮರೆತುಹೋಗುತ್ತದೆ. ಮಗುವಿನ ಕೊರಳಿಗೆ ಜಾಕೆಟ್ ಬೀಳುತ್ತದೆ, ಮುಂದಿನ ಬಕಲ್ ಟಕ್ಕೆನ್ನುತ್ತದೆ, ಫೋಟೊ ಆಗುತ್ತದೆ.

ತೊಡಬೇಕೇ ಬೇಡವೇ ಎಂಬುದು ಇಲ್ಲಿ ಚರ್ಚೆಯ ವಿಷಯವೇ ಅಲ್ಲ. 1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ವಿಟ್‌ಬಿಯಲ್ಲಿ ರಕ್ಷಣಾ ದೋಣಿ ಮಗುಚಿದಾಗ ಹದಿಮೂರು ಮಂದಿಯಲ್ಲಿ ಬದುಕಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಬಗೆಯ ಕಾರ್ಕ್ ಜಾಕೆಟ್ ತೊಟ್ಟಿದ್ದವನೂ ಅವನೊಬ್ಬನೇ. ಅಷ್ಟು ದೂರ ಹೋಗುವುದೂ ಬೇಡ. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ಜಾಕೆಟ್ ಇಲ್ಲದೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಪ್ರಾಣ ಬಿಟ್ಟರು. ಗಟ್ಟಿಮುಟ್ಟಾದ ಇಬ್ಬರು ಯುವಕರಿಗೆ ಮೈಕಟ್ಟು ನೆರವಾಗಲಿಲ್ಲ. ಇಷ್ಟನ್ನು ಎಲ್ಲರೂ ಬಲ್ಲರು, ಒಪ್ಪುತ್ತಾರೆ ಕೂಡ. ಮುಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ತೊಟ್ಟ ಜಾಕೆಟ್ ಮೈಗೆ ಹಿಡಿದಿತ್ತೇ?

ಬಕಲ್ ಟಕ್ಕೆಂದ ಆ ಕ್ಷಣವನ್ನೇ ಬಿಡಿಸಿ ನೋಡಬೇಕು. ಬಕಲ್ ಹಾಕುವುದು ಅರ್ಧ ಕೆಲಸ. ಅದರ ಎರಡೂ ಬದಿಯಲ್ಲಿ ಜೋತಾಡುವ ಪಟ್ಟಿಯನ್ನು ಎಳೆದು ಬಿಗಿಯುವುದು ಉಳಿದರ್ಧ. ಹಿಂದಿನ ತಂಡದ ದಪ್ಪ ಆಸಾಮಿಗೆ ಸಡಿಲಿಸಿದ್ದ ಪಟ್ಟಿ ಮುಂದಿನ ತಂಡದ ಮಗುವಿನ ಮೈಮೇಲೆ ಹಾಗೆಯೇ ಉಳಿಯುತ್ತದೆ. ಈಗ ಮಗು ನೀರಿಗೆ ಬಿತ್ತೆನ್ನಿ. ಫೋಮನ್ನು ನೀರು ಮೇಲಕ್ಕೆ ನೂಕುತ್ತದೆ, ಮೈ ಕೆಳಕ್ಕೆ ಎಳೆಯುತ್ತದೆ. ಜಾಕೆಟ್ಟಿನ ತೇಲಿಸುವ ಬಲ ಕಡಿಮೆಯಾಗಿಲ್ಲ; ಬಿಗಿಯಾಗಿದ್ದರೂ ಸಡಿಲವಾಗಿದ್ದರೂ ಅದು ಅಷ್ಟೇ. ಆದರೆ ಆ ಬಲ ಎದೆಯನ್ನು ಹಿಡಿಯುವ ಬದಲು ಮೇಲೆ ಸರಿಯುತ್ತ ಹೋಗಿ ಕಂಕುಳಿಗೋ ಗದ್ದಕ್ಕೋ ಸಿಕ್ಕಿ ನಿಲ್ಲುತ್ತದೆ. ಜಾಕೆಟ್ ತೇಲುತ್ತಿರುತ್ತದೆ, ಅದರ ಕೊರಳಿನ ತೂತಿನೊಳಗೆ ಮಗುವಿನ ಬಾಯಿ ನೀರಿನ ಮಟ್ಟದಲ್ಲಿರುತ್ತದೆ. ಕಿವಿಯ ಎರಡೂ ಕಡೆ ಫೋಮ್ ಇರುವುದರಿಂದ ಅದಕ್ಕೆ ಸುತ್ತ ಏನೂ ಕಾಣುವುದಿಲ್ಲ. ಗಾಬರಿಯಾದ ಮಗು ಅಪ್ಪನ ಕಡೆಗೆ ಎರಡೂ ಕೈ ಎತ್ತುತ್ತದೆ. ಆಗ ಭುಜಗಳು ಕಿರಿದಾಗಿ ಮಗು ಜಾಕೆಟ್ಟಿನಿಂದ ಕೆಳಗೆ ಜಾರುತ್ತದೆ.

ಇದನ್ನು ತಡೆಯುವ ಪಟ್ಟಿ ಒಂದಿದೆ, ಕಾಲಸಂದಿಯಲ್ಲಿ ಹಾದು ಬೆನ್ನಿಂದ ಮುಂದಕ್ಕೆ ಬರುವಂಥದ್ದು. ಚಿಕ್ಕ ಮಕ್ಕಳಿಗೆಂದೇ ತಯಾರಾದ ಒಳ್ಳೆಯ ಜಾಕೆಟ್ಟುಗಳಲ್ಲಿ ಇದರ ಜೊತೆಗೆ ತಲೆಯ ಹಿಂದೆ ಆಸರೆಯಾಗುವ ಕಾಲರೂ ಹಿಡಿದು ಮೇಲೆತ್ತಲು ಒಂದು ಹಿಡಿಕೆಯೂ ಇರುತ್ತವೆ. ಮೈಗೆ ಹೋಲಿಸಿದರೆ ಪುಟ್ಟ ಮಕ್ಕಳ ತಲೆ ದೊಡ್ಡದು, ಭಾರ ಹೆಚ್ಚು. ಅವು ಮುಂದಕ್ಕೆ ಮುಗ್ಗರಿಸುತ್ತವೆ. ದೊಡ್ಡವರ ಜಾಕೆಟ್ಟಿನ ಪಟ್ಟಿಯನ್ನು ಎಷ್ಟು ಬಿಗಿದರೂ ಈ ಮೂರೂ ಅದರಲ್ಲಿ ಹುಟ್ಟುವುದಿಲ್ಲ.

ಅಳತೆ ಸರಿಯಿದೆಯೇ ಎಂದು ನೋಡಲು ದಡದ ಮೇಲೆ ಅರ್ಧ ನಿಮಿಷ ಸಾಕು. ಜಿಪ್, ಬಕಲ್, ಪಟ್ಟಿ ಎಲ್ಲವನ್ನೂ ಬಿಗಿದು, ತೊಟ್ಟವರಿಗೆ ಕೈ ಮೇಲೆತ್ತಲು ಹೇಳಿ, ಇನ್ನೊಬ್ಬರು ಜಾಕೆಟ್ಟಿನ ಭುಜಗಳನ್ನು ಹಿಡಿದು ಮೇಲಕ್ಕೆ ಎಳೆಯಬೇಕು. ಅದು ಗದ್ದ, ಕಿವಿಯವರೆಗೆ ಏರಿಬಂದರೆ ಆ ಜಾಕೆಟ್ ಅವರದ್ದಲ್ಲ. ಬೋಟಿಂಗ್ ತಾಣದ ಗುಣ ಅಳೆಯಲು ಇದಕ್ಕಿಂತ ನಂಬಬಹುದಾದ ಮಾನದಂಡ ಇನ್ನೊಂದಿಲ್ಲ. ಸಿಬ್ಬಂದಿ ತಾವಾಗಿಯೇ ಹೀಗೆ ಎಳೆದು ನೋಡುವ ಜಾಗ ಒಳ್ಳೆಯ ಜಾಗ.

ಇಲ್ಲಿ ಕೆಲವರೊಂದಿಗೆ ಜಗಳ ತೆಗೆಯಲೇಬೇಕು. ಅಪಘಾತದ ಮಾರನೆಯ ದಿನ ಬರುವ ವರದಿ, ಸಂಪಾದಕೀಯ, ಟೀವಿ ಚರ್ಚೆಗಳು ‘ಜಾಕೆಟ್ ಇತ್ತೇ, ಇರಲಿಲ್ಲವೇ’ ಎಂಬಲ್ಲಿಗೇ ನಿಲ್ಲುತ್ತವೆ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಹನ್ನೆರಡು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತಾಗ ಹಾಗೆ ಕೇಳುವುದು ನ್ಯಾಯವೇ ಆಗಿತ್ತು; ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಅನೇಕ ಮಕ್ಕಳಿಗೆ ಜಾಕೆಟ್ಟೇ ಇರಲಿಲ್ಲ. ಆದರೆ ಅದೊಂದನ್ನೇ ಕೇಳುತ್ತ ಬಂದುದರ ಫಲವಾಗಿ ತಪಾಸಣೆ ಎಂದರೆ ಜಾಕೆಟ್ ಎಣಿಸುವುದು ಎಂದಾಗಿದೆ. ಇಪ್ಪತ್ತು ಆಸನ, ಇಪ್ಪತ್ತು ಜಾಕೆಟ್, ಸಹಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿತು, 1917ರ ಹಳೆಯ ಕಾನೂನಿನ ಜಾಗಕ್ಕೆ 2021ರ ಒಳನಾಡು ಹಡಗು ಕಾಯ್ದೆ ಬಂತು. ಕಾಗದದ ಕೊರತೆ ಇಲ್ಲ. ಇಪ್ಪತ್ತರಲ್ಲಿ ಮಕ್ಕಳವು ಎಷ್ಟು, ಅವು ಯಾವ ತೂಕದವರಿಗೆ ಎಂದು ದಡದಲ್ಲಿ ನಿಂತು ಕೇಳುವವರ ಕೊರತೆಯಿದೆ.

‘ಏನೂ ಇಲ್ಲದ್ದಕ್ಕಿಂತ ಸಡಿಲ ಜಾಕೆಟ್ಟೇ ವಾಸಿಯಲ್ಲವೇ’ ಎನ್ನುವವರ ವಾದದಲ್ಲಿ ತೂಕವಿದೆ. ದೊಡ್ಡವರ ಮಟ್ಟಿಗೆ ನಿಜವೂ ಹೌದು. ಜಾರಿದ ಜಾಕೆಟ್ಟನ್ನು ಅವರು ಕೈಯಿಂದ ಕೆಳಗೆಳೆದು ಅಪ್ಪಿ ಹಿಡಿದಾರು. ಆರು ವರ್ಷದ ಮಗುವಿಗೆ ಆ ಸಮಯಸ್ಫೂರ್ತಿ ಎಲ್ಲಿಂದ ಬರಬೇಕು? ಜೊತೆಗೆ, ಜಾಕೆಟ್ ಇದೆಯೆಂಬ ಧೈರ್ಯಕ್ಕೆ ತಂದೆತಾಯಿ ಆ ಮಗುವನ್ನು ದೋಣಿಯ ಅಂಚಿನಲ್ಲಿ ಕೂರಿಸುತ್ತಾರೆ. ಏನೂ ಇಲ್ಲದಿದ್ದರೆ ಮಡಿಲಿನಿಂದ ಇಳಿಸುತ್ತಿರಲಿಲ್ಲ.

ಅಳತೆಯ ಲೆಕ್ಕ ಕಠಿಣವಾದುದೇನಲ್ಲ. ದೊಡ್ಡವರ ಜಾಕೆಟ್ಟನ್ನು ಎದೆಯ ಸುತ್ತಳತೆಯಿಂದ ಆರಿಸಬೇಕು, ಮಕ್ಕಳದ್ದನ್ನು ತೂಕದಿಂದ. ಹಡಗುಗಳ ಅಂತರರಾಷ್ಟ್ರೀಯ ಸೋಲಾಸ್ ನಿಯಮ 15 ಕಿಲೋಗಿಂತ ಕಡಿಮೆ ತೂಗುವವರನ್ನು ಶಿಶು, 15ರಿಂದ 43 ಕಿಲೋ ಒಳಗಿನವರನ್ನು ಮಕ್ಕಳು, ಅದರ ಮೇಲಿನವರನ್ನು ದೊಡ್ಡವರು ಎಂದು ವಿಂಗಡಿಸುತ್ತದೆ. ಇನ್ನು ಲೇಬಲ್ಲಿನ ನ್ಯೂಟನ್ ಸಂಖ್ಯೆ: ಹತ್ತು ನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ಎತ್ತುವ ಬಲ. ವಯಸ್ಕರ ಅಳತೆಯಲ್ಲಿ 50 ನ್ಯೂಟನ್ನಿನದು ಈಜು ಬಲ್ಲವರಿಗೆ, ಅದೂ ದಡ ಹತ್ತಿರವಿದ್ದಾಗ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸೀತೆಂದು ನಂಬುವಂತಿಲ್ಲ. ಈಜು ಬಾರದ ಕುಟುಂಬ 100 ನ್ಯೂಟನ್ ಅಥವಾ ಹೆಚ್ಚಿನದನ್ನು ಹುಡುಕಬೇಕು. ಈಜುಕೊಳದ ಆಟಕ್ಕೆಂದು ಮಾರುವ ಬಣ್ಣಬಣ್ಣದ ತೇಲು ಜಾಕೆಟ್ಟುಗಳು ಈ ಲೆಕ್ಕದಲ್ಲೇ ಇಲ್ಲ. ಕೂರಲು ದಿಂಬಾಗಿ ಬಳಸಿ ಚಪ್ಪಟೆಯಾದ ಫೋಮ್, ಬಿಸಿಲಿಗೆ ಬೆಳ್ಳಗಾಗಿ ಹೊಲಿಗೆ ಬಿಟ್ಟ ಬಟ್ಟೆ ಕಂಡರೆ ಬೇರೆ ಕೇಳಬೇಕು.

ನಮ್ಮ ಕಡೆಯದೇ ಆದ ಎರಡು ತೊಡಕುಗಳನ್ನು ಹೊರದೇಶದ ಕೈಪಿಡಿಗಳು ಗಮನಿಸಿಲ್ಲ. ಸಂಗಮದಲ್ಲಿ ತೆಪ್ಪದ ತಳದ ಮೇಲೆ ಮಂಡಿ ಮಡಿಸಿ ಕೂತಾಗ ಉದ್ದನೆಯ ಜಾಕೆಟ್ ತೊಡೆಗೆ ತಾಗಿ ಗದ್ದದವರೆಗೆ ಏರುತ್ತದೆ. ಉಸಿರು ಕಟ್ಟಿದಂತಾಗಿ ಜನ ಬಕಲ್ ಬಿಚ್ಚುತ್ತಾರೆ. ಆದ್ದರಿಂದ ತೊಟ್ಟು ನಿಂತು ನೋಡಿದರೆ ಸಾಲದು, ಹತ್ತುವ ಮುಂಚೆ ಕುಕ್ಕರಗಾಲಿನಲ್ಲಿ ಕೂತೂ ನೋಡಬೇಕು. ಎರಡನೆಯದು ಸೀರೆ. ಸೆರಗು, ದುಪಟ್ಟಾಗಳು ಜಾಕೆಟ್ಟಿನ ಮೇಲೆ ಹಾರಾಡುತ್ತಿದ್ದರೆ ನೀರಿನಲ್ಲಿ ಕೊರಳಿಗೆ, ಕೈಗೆ ಸುತ್ತಿಕೊಳ್ಳುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ತೊಟ್ಟು ಬಿಗಿಯಬೇಕು. ಕಾಲಸಂದಿಯ ಪಟ್ಟಿ ಸೀರೆಯ ಮೇಲೆ ಆಗದ ಮಾತು. ಹಾಗಾಗಿ ಸೀರೆಯುಟ್ಟವರಿಗೆ ಸೊಂಟದ ಪಟ್ಟಿಯೇ ಆಧಾರ, ಅದಿಲ್ಲದ ಜಾಕೆಟ್ಟನ್ನು ಅವರು ಹಿಂತಿರುಗಿಸಬೇಕು.

ಪದೇ ಪದೇ ನೀರಿಗೆ ಹೋಗುವ ಕುಟುಂಬ ಮಕ್ಕಳಿಗೆ ಸ್ವಂತ ಜಾಕೆಟ್ ಕೊಳ್ಳುವುದು ಒಳ್ಳೆಯದು. ಮುಂದಿನ ವರ್ಷಕ್ಕೂ ಆಗಲಿ ಎಂದು ಶಾಲೆಯ ಸಮವಸ್ತ್ರದ ಹಾಗೆ ಒಂದು ಅಳತೆ ದೊಡ್ಡದು ಕೊಂಡರೆ ಸಡಿಲ ಜಾಕೆಟ್ಟಿನ ಅಪಾಯವನ್ನು ಮನೆಗೇ ತಂದಂತೆ. ವರ್ಷಕ್ಕೊಮ್ಮೆ ಹೋಗುವವರಿಗೆ ಬೋಟಿಂಗ್ ನಡೆಸುವವರೇ ಮೂರು ಅಳತೆಯ ಜಾಕೆಟ್ಟುಗಳನ್ನು ಬೇರೆ ಬೇರೆ ಗೂಟಕ್ಕೆ ಹಾಕಿ, ಟಿಕೆಟ್ ಕಿಟಕಿಯ ಪಕ್ಕ ಒಂದು ತೂಕದ ಯಂತ್ರ ಇಡಬೇಕು. ಮಗುವಿನ ತೂಕಕ್ಕೆ ತಕ್ಕ ಜಾಕೆಟ್ ಆ ದಿನ ಅಲ್ಲಿ ಇಲ್ಲವಾದರೆ ಮಗುವಿಗೆ ಟಿಕೆಟ್ ಕೊಡಬಾರದು; ಕೊಟ್ಟರೂ ಹೆತ್ತವರು ಹತ್ತಿಸಬಾರದು.