ಗೆರಸೇನರ ಸೀಮೆಯಿಂದ ಮನೆಗೆ: ಜಿರಾರ್ ಅವರ ವ್ಯಾಖ್ಯಾನವನ್ನು ಕುರಿತು

ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ಆಧರಿಸಿದ ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಹಂದಿಗಳೊಂದಿಗೆ ಸಮುದ್ರದಲ್ಲಿಯೇ ಮುಗಿದುಹೋಗುತ್ತವೆ. ಫ್ರೆಂಚ್ ಚಿಂತಕ ರೆನೆ ಜಿರಾರ್ ಬಲಿಪಶುವನ್ನು ಕುರಿತ ತಮ್ಮ 1982ರ ಗ್ರಂಥದಲ್ಲಿ ಇದೇ ಭಾಗವನ್ನು ಬಹು ಸೂಕ್ಷ್ಮವಾಗಿ ಓದಿದ್ದಾರೆ. ಊರವರು ಕಟ್ಟುತ್ತಾರೆ, ಅವನು ಸರಪಣಿ ಹರಿಯುತ್ತಾನೆ, ಅವರು ಮತ್ತೆ ಕಟ್ಟುತ್ತಾರೆ. ಈ ಆವರ್ತನವು ಇಬ್ಬರಿಗೂ ಬೇಕಾಗಿದೆ. ಕಲ್ಲುಗಳಿಂದ ಮೈಯನ್ನು ಗಾಯಮಾಡಿಕೊಳ್ಳುವವನು ಊರವರು ಎಸೆಯಬೇಕಾದ ಕಲ್ಲನ್ನು ತಾನೇ ತನ್ನ ಮೇಲೆ ಪ್ರಯೋಗಿಸುತ್ತಾನೆ. ಕಡೆಗೆ ಪ್ರಪಾತದಿಂದ ಉರುಳುವುದು ಬಲಿಯಲ್ಲ, ಗುಂಪು.

ಈ ಒಳನೋಟಕ್ಕೆ ನಾವು ಋಣಿಗಳು. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಸಂಗತಿಯನ್ನು ಇದರ ಬೆಳಕಿನಲ್ಲಿಯೇ ನೋಡಬಹುದು. 1951ರಲ್ಲಿ ಬಂಧಿತರಾದ ಅವರನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ವೈದ್ಯರು ಅವರು ವಿಚಾರಣೆಗೆ ಯೋಗ್ಯರೆಂದು ತಿಳಿಸಿದರೂ ವಿಚಾರಣೆ ನಡೆಯಲಿಲ್ಲ. 2005ರಲ್ಲಿ, ಐವತ್ತನಾಲ್ಕು ವರ್ಷಗಳ ಬಳಿಕ, ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವರ ಬಿಡುಗಡೆಯಾಯಿತು. ಇಲ್ಲಿ ಸರಪಣಿಯನ್ನು ಹಿಡಿದದ್ದು ದ್ವೇಷವೂ ಅಲ್ಲ, ಮರೆವು.

ಆದರೆ ಜಿರಾರ್ ಅವರ ಬಲಿಯು ನಿರಪರಾಧಿ. ಊರು ಅವನ ಮೇಲೆ ಹೊರಿಸಿದ್ದು ಸುಳ್ಳು. ಭ್ರಮೆಯ ಹಿಡಿತದಲ್ಲಿ ತಾಯಿಯನ್ನೇ ಕೊಂದು, ನ್ಯಾಯಾಲಯದಿಂದ ದೋಷಮುಕ್ತನಾದವನ ಮುಂದೆ ಈ ವ್ಯಾಖ್ಯಾನವು ತಡವರಿಸುತ್ತದೆ. ರಕ್ತ ಸುರಿದದ್ದು ನಿಜ, ಅಪರಾಧವಿಲ್ಲವೆಂಬುದೂ ನಿಜ. ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು ಇವೆರಡನ್ನೂ ಒಟ್ಟಿಗೆ ಹಿಡಿದಿದೆ. ನಮ್ಮ ಸೆರೆಮನೆ ಸೇವೆಗೆ ಅದು ಸಾಧ್ಯವಾಗಿಲ್ಲ. ಅರಿಕೆ, ಪಶ್ಚಾತ್ತಾಪ, ಕ್ಷಮೆ ಎಂಬ ಮೆಟ್ಟಿಲುಗಳನ್ನೇ ನಂಬಿರುವ ಆ ಸೇವೆಯು ಪಶ್ಚಾತ್ತಾಪಪಡಲು ಅಪರಾಧವೇ ಇಲ್ಲದವನಿಗೆ ಏನು ಹೇಳೀತು?

ಅರಣ್ಯಕಾಂಡದ 35ನೆಯ ಅಧ್ಯಾಯವು ಹೆಚ್ಚು ಸಹಾಯಕವೆಂದು ನಮಗೆ ತೋರುತ್ತದೆ. ಅಲ್ಲಿ ಕೈತಪ್ಪಿ ಕೊಂದವನ ವಿಷಯವಿದೆಯೇ ಹೊರತು ಮನೋರೋಗಿಯದಲ್ಲ, ಹೋಲಿಕೆಗೆ ಮಿತಿಯುಂಟು. ಆದರೂ ಆರು ಆಶ್ರಯನಗರಗಳು ಲೇವಿಯರ ನಗರಗಳೇ ಎಂಬುದನ್ನು ಗಮನಿಸಬೇಕು: ಕೊಂದವನ ನೆರೆಮನೆಯಲ್ಲಿ ದೇವಸೇವಕನು ವಾಸಿಸುತ್ತಾನೆ. ಆ ವಾಸಕ್ಕೆ ಮಹಾಯಾಜಕನ ಮರಣವೆಂಬ ಅವಧಿಯೂ ಇದೆ. ಲಾಲುಂಗರಿಗೆ ಅಂಥ ಅವಧಿಯನ್ನು ಯಾರೂ ಗೊತ್ತುಮಾಡಿರಲಿಲ್ಲ.

ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ಬಿಡುಗಡೆಯಾದವನನ್ನು ಸುರಕ್ಷಿತ ವಶದಲ್ಲಿರಿಸಬಹುದು, ಇಲ್ಲವೆ ಸಂಬಂಧಿ ಅಥವಾ ಸ್ನೇಹಿತನಿಗೆ ಒಪ್ಪಿಸಬಹುದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 374ನೆಯ ಕಲಮು. ಚೆನ್ನಾಗಿ ನೋಡಿಕೊಳ್ಳುವೆನೆಂದೂ, ಅವನಿಂದ ಅವನಿಗಾಗಲಿ ಇತರರಿಗಾಗಲಿ ಹಾನಿಯಾಗದಂತೆ ತಡೆಯುವೆನೆಂದೂ ಆ ಸ್ನೇಹಿತನು ಭದ್ರತೆ ಕೊಡಬೇಕು. ಕುಟುಂಬವಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಹೇಳುತ್ತದೆ. ಹಾಗಾದರೆ ಕಾನೂನು ಹುಡುಕುತ್ತಿರುವ ಆ ಸ್ನೇಹಿತನು ಯಾರು? ಮಾತ್ರೆ ನಿಲ್ಲಿಸಿ ಪ್ರಾರ್ಥಿಸಿರಿ ಎನ್ನುವ ಸಭಾಪಾಲಕನಂತೂ ಆ ಮುಚ್ಚಳಿಕೆಗೆ ರುಜು ಹಾಕಲು ಯೋಗ್ಯನಲ್ಲ. ಔಷಧಿಯ ವೇಳೆ, ಕಾಯಿಲೆ ಮರುಕಳಿಸುವ ಮೊದಲ ಚಿಹ್ನೆಗಳು, ಸತ್ತವರ ಮನೆಯವರ ಅಂಜಿಕೆ, ಇವೆಲ್ಲವೂ ಗೊತ್ತಿರಬೇಕು.

ಜಿರಾರ್ ಅವರ ಒತ್ತು ಗುಂಪಿನ ಮೇಲಿದೆ. ಮಾರ್ಕನು ಗುಂಪು ಹೋದ ಮೇಲೂ ಬರೆಯುತ್ತಾನೆ. ವಾಸಿಯಾದವನು ಯೇಸುವಿನ ಜೊತೆಯಲ್ಲಿರಬೇಕೆಂದು ಬೇಡಿಕೊಂಡನು, ಯೇಸು ಅವನನ್ನು ಮನೆಗೆ, ಸ್ವಂತ ಜನರ ಬಳಿಗೆ ಕಳುಹಿಸಿದನು. ದೆಕಪೊಲಿಯವರು ಆಶ್ಚರ್ಯಪಟ್ಟರೆಂದು ಬರೆದಿದೆ. ಯಾರಾದರೂ ಬಾಗಿಲು ತೆರೆದರೋ ಇಲ್ಲವೋ ಎಂಬುದನ್ನು ಬರೆದಿಲ್ಲ.