ಉದುರುವ ಕಪ್ಪು

ಪುಣೆಯ ಶನಿವಾರವಾಡೆಯಲ್ಲಿ ಇವತ್ತು ಉಳಿದಿರುವುದು ಕಲ್ಲಿನ ಜಗಲಿಗಳು, ಕೋಟೆಗೋಡೆ, ದಿಲ್ಲಿ ದರವಾಜೆ. ಒಂದನೇ ಬಾಜಿರಾಯನ ಕಾಲದಲ್ಲಿ, 1732ರಲ್ಲಿ ಕಟ್ಟಿ ಮುಗಿದ ಅರಮನೆಯ ಮರಗೆಲಸ ಬಹುಪಾಲು 1828ರ ಬೆಂಕಿಗೆ ಹೋಯಿತು. ಹೀಗೆ ಮರ ಸುಟ್ಟು ಕರಿಯಾದ ಊರಿನಲ್ಲೇ, ಮರವನ್ನು ಸುಟ್ಟ ಕರಿಯಿಂದ ಚಿತ್ರ ಬರೆಯುವವರೊಬ್ಬರು ನೆಲೆಸಿದ್ದಾರೆ: ಪ್ರಭಾಕರ ಪಾಚಪುತೆ.

ಅವರು ಹುಟ್ಟಿದ್ದು 1986ರಲ್ಲಿ, ಚಂದ್ರಾಪುರ ಜಿಲ್ಲೆಯ ಸಾಸ್ತಿಯಲ್ಲಿ. ಅದು ಕಲ್ಲಿದ್ದಲ ಸೀಮೆ. ಅವರ ಮನೆತನ ಮೂರು ತಲೆಮಾರು ಗಣಿಯಲ್ಲಿ ದುಡಿದಿದೆ. ಬರೋಡಾದಲ್ಲಿ ಶಿಲ್ಪಕಲೆ ಕಲಿತ ಪಾಚಪುತೆ ದೊಡ್ಡ ಗೋಡೆಗಳ ಮೇಲೆ ನೇರವಾಗಿ ಇದ್ದಿಲಿನಲ್ಲಿ ಬರೆಯುತ್ತಾರೆ. ಅರ್ಧ ಮನುಷ್ಯ ಅರ್ಧ ಹತಾರವಾದ ದೇಹಗಳು, ಅಗೆದು ಬಿಟ್ಟ ನೆಲ. ಪ್ರದರ್ಶನ ಮುಗಿದು ಗೋಡೆಗೆ ಬಣ್ಣ ಬಳಿದರೆ ಚಿತ್ರವೂ ಮುಗಿಯಿತು. ವೇಲ್ಸ್ ಕೂಡ ಕಲ್ಲಿದ್ದಲಿನ ನಾಡೇ. 2021ರಲ್ಲಿ ಅಲ್ಲಿನ ಆರ್ಟೆಸ್ ಮುಂಡಿ ಪ್ರಶಸ್ತಿಯನ್ನು ಆರು ಕಲಾವಿದರಿಗೆ ಹಂಚಿದಾಗ ಇವರೂ ಅವರಲ್ಲೊಬ್ಬರು.

ಇಲ್ಲಿ ನಾನು ಮೊದಲು ನೋಡುವುದು ಆಕೃತಿಯನ್ನಲ್ಲ, ಕಪ್ಪನ್ನು. ಗಾಳಿ ಸಾಲದ ಕಡೆ ಮರ ಬೆಂದರೆ ಬೂದಿಯಾಗುವುದಿಲ್ಲ, ಇದ್ದಿಲಾಗುತ್ತದೆ. ಜೌಗಿನಲ್ಲಿ ಹೂತ ಗಿಡಮರಗಳು ಗಾಳಿಯಿಲ್ಲದೆ ಪೂರ್ತಿ ಕೊಳೆಯಲಾರದೆ, ಕೋಟ್ಯಂತರ ವರ್ಷ ಮಣ್ಣಿನ ಭಾರಕ್ಕೆ ಸಿಕ್ಕಿ ಕಲ್ಲಿದ್ದಲಾಗುತ್ತವೆ. ಒಂದು ಅರ್ಧಕ್ಕೆ ನಿಂತ ಉರಿ, ಇನ್ನೊಂದು ಅರ್ಧಕ್ಕೆ ನಿಂತ ಕೊಳೆಯುವಿಕೆ. ಕಲ್ಲಿದ್ದಲಿನ ಬದುಕನ್ನು ಇದ್ದಿಲಿನಲ್ಲಿ ಬರೆಯುವಾಗ ವಸ್ತುವೂ ವಿಷಯವೂ ಒಂದೇ ಬಳಗದವು.

ವಸ್ತುವೇ ವಿಷಯವಾಗುವುದು ಕನ್ನಡಿಗರಿಗೆ ಹೊಸದೇನಲ್ಲ. ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಕಲಾವಿದೆ ಶೀಲಾ ಗೌಡ 1990ರ ದಶಕದ ಮೊದಲಿಗೆ ಎಣ್ಣೆಬಣ್ಣ ಬಿಟ್ಟು ಸೆಗಣಿ ಕೈಗೆತ್ತಿಕೊಂಡರು. ಅಂಗಳ ಸಾರಿಸುವ, ಬೆರಣಿಯಾಗಿ ಒಲೆ ಸೇರುವ ಸೆಗಣಿಯೂ ಅರ್ಧ ದಾರಿಯ ವಸ್ತುವೇ: ಹುಲ್ಲಾಗಿ ಉಳಿದಿಲ್ಲ, ಮಣ್ಣಾಗಿ ಮುಗಿದಿಲ್ಲ. ಆಮೇಲೆ ಅವರ ಕೈಗೆ ಕುಂಕುಮ, ದಾರ, ಸೂಜಿ, ಕೂದಲು ಬಂದವು. 2009ರ ವೆನಿಸ್ ಬಿಯೆನಾಲೆಯಲ್ಲಿ ಅವರು ಕೂದಲ ಹಗ್ಗದಿಂದ ವಾಹನಗಳ ಬಂಪರ್‌ಗಳನ್ನು ತೂಗುಬಿಟ್ಟರು. ದೃಷ್ಟಿ ತಾಗದಿರಲೆಂದು ನಮ್ಮ ಚಾಲಕರು ಗಾಡಿಗೆ ಕಟ್ಟುವ ಹಗ್ಗ ಅದು.

ಇಂಥ ಕೃತಿಗಳ ಮುಂದೆ ನಿಂತಾಗ ನಾನು ಕೇಳಿಕೊಳ್ಳುವುದು ಒಂದೇ: ಸವೆತ ಈ ವಸ್ತುವಿಗೆ ನಿಜವಾಗಿ ಆಗಿದೆಯೋ, ಅದರ ಮೇಲೆ ಬಳಿದದ್ದೋ? ತುಕ್ಕಿನ ಬಣ್ಣ ಹಚ್ಚಿದ ಹಲಗೆ, ಅಂಟು ಹಾಕಿ ಬಿರುಕು ಬಿಡಿಸಿದ ಕ್ಯಾನ್ವಾಸು ಬೇಗ ಬೇಸರ ತರಿಸುತ್ತವೆ. ನಿಜವಾಗಿ ಬೆಂದದ್ದು, ಜೀರ್ಣವಾದದ್ದು, ಉದುರಿದ್ದು ಬೇಸರ ತರಿಸುವುದಿಲ್ಲ. ಕಲಾವಿದರ ಕೈ ಬೀಳುವ ಮೊದಲೇ ಅದು ಒಂದು ಆಯಸ್ಸು ಕಳೆದು ಬಂದಿರುತ್ತದೆ.

ಕೊಳ್ಳುವವರು ಕೇಳುವುದು ಬೇರೆ: ಇದು ಬಾಳುತ್ತದೆಯೇ? ಇದ್ದಿಲಿನ ಮಟ್ಟಿಗೆ ಇದಕ್ಕೆ ಸೊಗಸಾದ ಉತ್ತರವಿದೆ. ಇದ್ದಿಲು ಬಹುಪಾಲು ಇಂಗಾಲ. ಬಿಸಿಲಿಗೆ ಮಾಸದು, ಹುಳು ತಿನ್ನದು. ಫ್ರಾನ್ಸಿನ ಶೋವೆ ಗುಹೆಯಲ್ಲಿ ಇದ್ದಿಲಿನ ಗೆರೆಗಳು 30,000 ವರ್ಷ ದಾಟಿ ನಿಂತಿವೆ. ಆದರೆ ಅದಕ್ಕೆ ಹಿಡಿತವಿಲ್ಲ. ಎಣ್ಣೆಬಣ್ಣದಂತೆ ಒಣಗಿ ಅಂಟದೆ, ಕಾಗದದ ಒರಟಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಅಂಗಿಯ ತೋಳು ಸವರಿದರೂ ಹೋಯಿತು. ಹಾಗಾಗಿ ಮನೆಗೆ ತಂದರೆ ಗಾಜು ಚಿತ್ರಕ್ಕೆ ತಗುಲದಂತೆ ಚೌಕಟ್ಟು ಹಾಕಿಸಿ. ಪುಣೆಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಬರುತ್ತದೆ, ಹೊರಗೋಡೆಗೆ ತೂಗುಹಾಕಬೇಡಿ.

ಇದ್ದಿಲು ಅಳಿಯುವುದಿಲ್ಲ, ಇದ್ದ ಜಾಗ ಕಳೆದುಕೊಳ್ಳುತ್ತದೆ. ಗಣಿ ಅಗೆದಾಗ ಹೊಲದ ಮೇಲ್ಮಣ್ಣಿಗೆ ಆಗುವುದೂ ಅದೇ, ಹೊಲದವರಿಗೆ ಆಗುವುದೂ ಅದೇ. ಪಾಚಪುತೆಯವರ ಗೋಡೆಗಳ ಮುಂದೆ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಗೋಡೆಯ ಬುಡದಲ್ಲಿ ಉದುರಿರುವ ಕರಿಪುಡಿಯನ್ನೂ ಒಮ್ಮೆ ಬಗ್ಗಿ ನೋಡಿ. ಅದೂ ಚಿತ್ರದ ಭಾಗವೇ.