ಬಿಟ್ಟುಹೋದರೆ ದಂಡ, ಕಾಯಿಸಿದರೆ?

ಹುಳಿಮಾವು ಗೇಟಿನಿಂದ ಒಳಗೆ ನಡೆದರೆ ಕಂಬಕ್ಕೊಂದು ಪೀಜಿ ಬೋರ್ಡು. ಆ ರೂಮುಗಳಲ್ಲಿ ಇರುವವರೆಲ್ಲ ಕೆಲಸಕ್ಕೆ ಹೋಗುವವರಲ್ಲ. ಆಫರ್ ಲೆಟರ್ ಇಟ್ಕೊಂಡು ಜಾಯ್ನಿಂಗ್ ಡೇಟಿಗೆ ಕಾಯುವವರೂ ಇದ್ದಾರೆ. ಊರಲ್ಲಿ 'ಮಗನಿಗೆ ಕೆಲಸ ಆಯ್ತು' ಅಂತ ಹೇಳಿ ಆಗಿರುತ್ತೆ, ವಾಪಸ್ ಹೋಗುವಂತಿಲ್ಲ.

ಇನ್ಫೋಸಿಸ್‌ನ ಮೈಸೂರು ಕತೆ ಗೊತ್ತಲ್ಲ. 2022ರಲ್ಲಿ ಆಫರ್ ಕೊಟ್ಟವರನ್ನು ಎರಡು ವರ್ಷ ಕಾಯಿಸಿ 2024ರ ಅಕ್ಟೋಬರಿನಲ್ಲಿ ಕರೆಸಿಕೊಂಡರು. 2025ರ ಫೆಬ್ರವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಕ್ಯಾಂಪಸ್ಸಿನಿಂದ ಹೊರಗೆ. ಮೂರು ಅವಕಾಶ ಕೊಟ್ಟೆವು, ಪಾಸಾಗಲಿಲ್ಲ, ಇದೆಲ್ಲ ಕಾಂಟ್ರ್ಯಾಕ್ಟಿನಲ್ಲೇ ಇದೆ ಅಂತ ಕಂಪನಿಯ ಉತ್ತರ. ಸರಿ, ಇದೆ. ಟೆಸ್ಟ್ ಇಡುವುದೂ ತಪ್ಪಲ್ಲ. ಆದರೆ ಓದಿದ್ದು ಬಿಸಿಯಿರುವಾಗ ಕರೆಯದೆ, ಎರಡು ವರ್ಷ ಆರಲು ಬಿಟ್ಟು, ಆಮೇಲೆ ರುಚಿ ಇಲ್ಲ ಅಂದರೆ ಹೇಗೆ ಸ್ವಾಮಿ?

ಅಷ್ಟೊಂದು ಆಫರ್ ಹಂಚಿದ್ದಾದರೂ ಯಾಕೆ? 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನ ಅಟ್ರಿಷನ್ 28.4% ಇತ್ತು. ಜನ ಬಿಟ್ಟುಹೋಗುವ ಭಯಕ್ಕೆ ದೊಡ್ಡ ಕಂಪನಿಗಳು ಕಾಲೇಜುಗಳಿಗೆ ನುಗ್ಗಿದವು. ಆಮೇಲೆ ಬಿಸಿನೆಸ್ ತಣ್ಣಗಾಯ್ತು, ಎರಡೇ ವರ್ಷದಲ್ಲಿ ಅಟ್ರಿಷನ್ ಅರ್ಧಕ್ಕೂ ಕೆಳಗಿಳಿಯಿತು, ಹಂಚಿದ ಆಫರುಗಳು ಹೊರೆಯಾದವು. ಅಂದಾಜು ತಪ್ಪಿದ್ದು ಕಂಪನಿಯದು. ಪೀಜಿ ಬಾಡಿಗೆ ಕಟ್ಟಿದ್ದು ಅಪ್ಪಂದಿರು.

ಈಗ ಇನ್ನೊಂದು ಕಡೆ ನೋಡಿ. ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ (ನಮ್ಮೂರಿನದೇ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿಹೋಯ್ತು) ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ ನೌಕರನ ಪರ ಹೇಳಿತ್ತು. ಸರ್ಕಾರಿ ಬ್ಯಾಂಕು ನೇಮಕಾತಿಗೆ ಬಹಿರಂಗ ಪ್ರಕ್ರಿಯೆ ನಡೆಸಲೇಬೇಕು, ಒಬ್ಬರು ಮಧ್ಯೆ ಬಿಟ್ಟರೆ ಮತ್ತೆ ಅಷ್ಟೇ ಖರ್ಚು, ಅಷ್ಟೇ ಕಾಲ ಅನ್ನುವ ತರ್ಕ. ನನಗೂ ಒಪ್ಪಿಗೆಯೇ. ಒಬ್ಬರು ಕೊಟ್ಟ ಮಾತನ್ನು ನಂಬಿ ಇನ್ನೊಬ್ಬರು ಖರ್ಚು ಮಾಡಿದ್ದರೆ ಅದಕ್ಕೆ ಲೆಕ್ಕ ಇರಬೇಕು.

ಹಾಗಾದರೆ ಹುಡುಗರ ಎರಡು ವರ್ಷದ ಲೆಕ್ಕ? ಐಟಿಯಲ್ಲಿ ಎಷ್ಟೋ ಮಂದಿಗೆ ನೋಟಿಸ್ ಪೀರಿಯಡ್ 90 ದಿನ, ಮೊದಲೇ ಹೊರಟರೆ ಸಂಬಳಕ್ಕೆ ಕತ್ತರಿ. ಕಂಪನಿ ಜಾಯ್ನಿಂಗ್ ಮುಂದೂಡಿದರೆ ಬರುವುದು 'ಬಿಸಿನೆಸ್ ಅಗತ್ಯಕ್ಕೆ ತಕ್ಕಂತೆ ತಿಳಿಸುತ್ತೇವೆ' ಎಂಬ ಮೇಲ್ ಮಾತ್ರ. ಆಫರ್ ಲೆಟರಿಗೆ ಒಂದು ಸಾಲು ಸೇರಿಸಲಿ: ಇಂಥ ತಾರೀಖು ದಾಟಿದರೆ ತಿಂಗಳಿಗೆ ಇಷ್ಟು ಸ್ಟೈಪೆಂಡ್ ಅಂತ. ಎಷ್ಟು ಆಫರ್ ಕೊಡಬೇಕು ಅನ್ನುವ ಲೆಕ್ಕ ಆಗ ಎಚ್‌ಆರ್‌ಗೆ ತಾನಾಗಿ ಬರುತ್ತೆ. ಒಪ್ತಾರಾ? ಮುಂದಿನ ಸಲ ಕ್ಯಾಂಪಸ್ಸಿಗೆ ಬಂದಾಗ ಪ್ಲೇಸ್‌ಮೆಂಟ್ ಆಫೀಸರುಗಳು ಕೇಳಿ ನೋಡಲಿ.